ಕೂಗದೆ ಬರೆದ ಹಾಜರಿ

ಹೋದ ತಿಂಗಳು ಹರಿಹರಕ್ಕೆ ಹೋಗಿದ್ದೆ. ನಾನು ಕೆಲಸ ಮಾಡಿದ ಸರ್ಕಾರಿ ಶಾಲೆಯಲ್ಲಿ ಜಬೀನಾ ಟೀಚರ್ ನಿವೃತ್ತಿಯ ಸಮಾರಂಭ. ನನಗಿಂತ ಐದಾರು ವರ್ಷ ಚಿಕ್ಕವರು, ಎಷ್ಟೋ ವರ್ಷ ಜೊತೆಗೆ ದುಡಿದವರು. ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿತ್ತು. ವರಾಂಡದಲ್ಲಿ ಅಡ್ಡಾಡುತ್ತ ಹಳೆಯ ಸ್ಟೋರ್ ರೂಮಿನ ಎದುರು ಬಂದಾಗ ಗೋಣಿಚೀಲದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ.

ಪಕ್ಕದ ಕೋಣೆಯ ಬಾಗಿಲಲ್ಲಿ ಹೊಸದಾಗಿ ಬಂದ ಟೀಚರೊಬ್ಬಳು ಕಣ್ಣಲ್ಲೇ ಸಾಲು ಎಣಿಸಿ ಮೊಬೈಲಿನಲ್ಲಿ ಹಾಜರಿ ಒತ್ತುತ್ತಿದ್ದಳು.

"ಹೆಸರು ಕೂಗಲ್ವೇನಮ್ಮ?" ಅಂದೆ.

"ಟೈಮ್ ಎಲ್ಲೈತ್ರಿ ಮೇಡಂ? ಇದಾದ ಮ್ಯಾಲೆ ಇನ್ನೂ ಎರಡು ಕಡೆ ತುಂಬಬೇಕ್ರಿ."

ಅವಳನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಆ ಉಪಾಯವನ್ನು ಈ ಶಾಲೆಯಲ್ಲಿ ಮೊದಲು ಕಂಡುಹಿಡಿದವಳೇ ನಾನು. ಅದಕ್ಕೆ ಒಂದು ಮಗು ಎಷ್ಟು ತೆತ್ತಿತು ಎನ್ನುವುದನ್ನು ಅವಳಿಗೆ ಹೇಳಿದೆ. ಇಲ್ಲೂ ಅದನ್ನೇ ಬರೆಯುತ್ತಿದ್ದೇನೆ.

ತೊಂಬತ್ತೆಂಟರ ಜೂನ್. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಗೆ ಹೊಸ ಕಚೇರಿಗಳು ಬಂದವು, ಹೊಸ ಕಚೇರಿಗಳಿಂದ ದಿನಕ್ಕೊಂದು ಪಟ್ಟಿಯ ಬೇಡಿಕೆ ಬಂತು. ಮಕ್ಕಳ ಪಟ್ಟಿ, ಜಾತಿವಾರು ಪಟ್ಟಿ, ಕಟ್ಟಡದ ಪಟ್ಟಿ, ಕಳೆದ ವಾರ ಕಳಿಸಿದ ಪಟ್ಟಿ ಸಿಗುತ್ತಿಲ್ಲವಾದ್ದರಿಂದ ಅದೇ ಪಟ್ಟಿ ಇನ್ನೊಮ್ಮೆ. ಏಳು ಜನ ಇರಬೇಕಾದ ನಮ್ಮ ಶಾಲೆಯಲ್ಲಿ ನಾಲ್ಕೇ ಜನ. ಹೆಡ್‌ಮಾಸ್ಟರ್ ರುದ್ರಪ್ಪನವರು, ಮುತ್ತಿನಂಥ ಅಕ್ಷರದ ಹಾಲೇಶಪ್ಪ ಮೇಷ್ಟ್ರು, ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಜಬೀನಾ, ಮತ್ತೆ ನಾನು. ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಎರಡೂ ಒಂದೇ ಕೋಣೆಯಲ್ಲಿ ನನ್ನ ಪಾಲಿಗೆ. ಎಂಬತ್ತೊಂದು ಮಕ್ಕಳು.

ನಾನು ಹದಡಿಯವಳು. ಅವ್ವನ ಜೊತೆ ಸೊಪ್ಪಿನ ಬುಟ್ಟಿ ಹೊತ್ತು ದಾವಣಗೆರೆ ಮಾರ್ಕೆಟ್ಟಿನಲ್ಲಿ ಕೂತು, ಒಂದೊಂದು ಕಟ್ಟಿಗೂ ಚೌಕಾಸಿ ಮಾಡುತ್ತಲೇ ಓದಿದವಳು. ಗಿರಾಕಿಯ ಮುಖ ನೋಡಿ ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂದು ಹತ್ತನೇ ವಯಸ್ಸಿಗೇ ಗೊತ್ತಿತ್ತು. ಸರ್ಕಾರಿ ಕೆಲಸದಲ್ಲೂ ಅದೇ ಬುದ್ಧಿ ಉಪಯೋಗಿಸಿದೆ. ಎಂಬತ್ತೊಂದು ಹೆಸರು ಕೂಗಲು ಹನ್ನೆರಡು ನಿಮಿಷ ಬೇಕು. ಅದೇ ಮಕ್ಕಳಿಗೆ ಗೊತ್ತಾದ ಜಾಗ ಕೊಟ್ಟು, ಖಾಲಿ ಜಾಗ ಮಾತ್ರ ನೋಡಿಕೊಂಡರೆ ಎರಡು ನಿಮಿಷ. ಉಳಿದ ಹತ್ತು ನಿಮಿಷದಲ್ಲಿ ಒಂದು ಲೆಕ್ಕ ಕಲಿಸಬಹುದು, ಇಲ್ಲವೇ ಅರ್ಧ ಪಟ್ಟಿ ಬರೆಯಬಹುದು. ಜೂನ್ ಕೊನೆಯ ಹೊತ್ತಿಗೆ ಜಬೀನಾಗೂ, ಹಾಲೇಶಪ್ಪನವರಿಗೂ ಇದನ್ನು ಕಲಿಸಿದೆ. "ತಲಿ ಅಂದ್ರೆ ನಿಮ್ದು ತಲಿ ನೋಡ್ರಿ" ಎಂದು ರುದ್ರಪ್ಪನವರು ಹೊಗಳಿದರು. ಹೊಗಳಿಕೆ ನನಗೆ ಬಹಳ ಇಷ್ಟ.

ಇನ್ನೊಂದು ವಿಷಯ ಅಕ್ಕಿಯದು. ಆಗ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ. ಒಂದರಿಂದ ಐದನೇ ಕ್ಲಾಸಿನವರೆಗೆ, ನೂರಕ್ಕೆ ಎಂಬತ್ತು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ ಮೂರು ಕೆಜಿ ಅಕ್ಕಿ. ಸ್ಟೋರ್ ರೂಮಿನಲ್ಲಿ ನಾವೇ ತೂಗಿ ಕೊಡುತ್ತಿದ್ದೆವು. ತೂಗುವ ದಿನ ಪಾಠ ಇಲ್ಲ, ತಲೆತುಂಬ ಅಕ್ಕಿಯ ಧೂಳು. ಬಾಗಿಲಲ್ಲಿ ಚೀಲ ಹಿಡಿದು ನಿಂತ ತಾಯಂದಿರ ಮುಖ ನೋಡಿ, "ನಿನ್ನ ಮಗುವಿಗೆ ಎರಡು ದಿನ ಕಡಿಮೆ ಬಿದ್ದಿದೆ, ಹೋಗು" ಎನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಬರದಿದ್ದ ಮಕ್ಕಳಿಗೂ ಹಾಜರಿಯ ಗೆರೆ ಎಳೆಯುತ್ತಿದ್ದೆವು. ಕದ್ದದ್ದಲ್ಲ, ಮಾರಿದ್ದಲ್ಲ. ಪುಣ್ಯದ ಕೆಲಸ ಅಂತಲೇ ತಿಳಿದಿದ್ದೆವು.

ನಾಗವೇಣಿ ಐದನೇ ಕ್ಲಾಸಿನವಳು. ಗೋಡೆ ಪಕ್ಕ, ಹಿಂದಿನ ಸಾಲು. ಮಾತಿಲ್ಲ, ತಂಟೆಯಿಲ್ಲ, ಬರೆದದ್ದನ್ನು ಹಾಗೇ ನಕಲು ಮಾಡುವಳು. ತಾಯಿ ಹನುಮವ್ವ ಹೊಳೆಯ ಕಡೆ ಇಟ್ಟಿಗೆ ಭಟ್ಟಿಯಲ್ಲಿ ಕೆಲಸಕ್ಕೆ ಹೋಗುವವಳು. ಜುಲೈಯಲ್ಲಿ ಅಕ್ಕಿಗೆ ಬಂದಾಗ ಕೇಳಿದೆ.

"ಏನವ್ವ, ನಿನ್ನ ಮಗಳು ಬಂದ್ರೆ ಬಂದ್ಲು, ಇಲ್ಲಾಂದ್ರೆ ಇಲ್ಲ?"

"ಏನು ಮಾಡ್ಲಿ ಅಕ್ಕೋರೆ. ಒಂದಿನ ಬರ್ತಾಳೆ, ಎರಡು ದಿನ ಒಲ್ಲೆ ಅಂತ ಕೂತ್ಕಂತಾಳೆ. ಬಡಿದ್ರೂ ಏಳಲ್ಲ."

"ವಾರಕ್ಕೆ ನಾಕು ದಿನ ಕಳಿಸು. ಉಳಿದದ್ದು ನಾ ನೋಡ್ಕಂತೀನಿ."

"ಮೂರು ಮಾಡ್ರಿ ಅಕ್ಕೋರೆ."

"ಸೊಪ್ಪಿನ ವ್ಯಾಪಾರ ನನ್ ಹತ್ರ ಮಾಡಬ್ಯಾಡ, ನಾ ಅದ್ರಾಗೇ ಹುಟ್ಟೀನಿ. ನಾಕು ಅಂದ್ರೆ ನಾಕು."

ಹನುಮವ್ವ ನಕ್ಕು ಒಪ್ಪಿಕೊಂಡಳು. ನಾನೂ ಗೆದ್ದೆ ಅಂದುಕೊಂಡೆ. "ಯಾಕೆ ಬರಲ್ಲ?" ಎನ್ನುವ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಹಿಂದೆ ಇನ್ನೂ ನಲವತ್ತು ಚೀಲ ಕಾಯುತ್ತಿದ್ದವು.

ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟ ಒಂದು ವಾರ ಶಾಲೆಗಳಿಗೆ ಡಾಕ್ಟರುಗಳು ಬಂದರು. ಎಲ್ಲ ಮಕ್ಕಳನ್ನೂ ನೋಡಲು ಅವರಿಗೂ ಪುರುಸೊತ್ತಿರಲಿಲ್ಲ. ಕಾಯಿಲೆಯಿಂದ ಪದೇ ಪದೇ ಗೈರಾಗುವ ಮಕ್ಕಳ ಪಟ್ಟಿಯನ್ನು ಮುಂಚಿತವಾಗಿ ಕೇಳಿದ್ದರು. ರುದ್ರಪ್ಪನವರು ನನ್ನ ಕ್ಲಾಸಿಗೇ ಬಂದು ಕೇಳಿದರು. ಹಾಜರಿ ಪುಸ್ತಕ ತೆರೆದೆ. ಪುಟದ ತುಂಬ ಗೆರೆ. ನಾಗವೇಣಿಯಂಥವರ ಹೆಸರು ಕೊಟ್ಟರೆ, ಗೈರೇ ಇಲ್ಲದ ಮಗುವಿಗೆ ಎಂಥ ಕಾಯಿಲೆ ಎಂದು ಕೇಳುತ್ತಾರೆ.

"ಯಾರೂ ಇಲ್ಲ ಅಂತ ಬರೀರಿ ಸರ್."

ಹಾಲೇಶಪ್ಪ ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ "ಇಲ್ಲ" ಎಂದು ಬರೆದರು. ಡಾಕ್ಟರುಗಳು ಎದುರು ಸಾಲಿನ ನಾಲ್ಕಾರು ಮಕ್ಕಳ ನಾಲಿಗೆ ನೋಡಿ, ಚಹಾ ಕುಡಿದು ಮುಂದಿನ ಶಾಲೆಗೆ ಹೋದರು.

ಗಣರಾಜ್ಯೋತ್ಸವಕ್ಕೆ ಒಬ್ಬರು ಶಿಕ್ಷಣಾಧಿಕಾರಿಗಳು ಬರುವವರಿದ್ದರು. ಅತಿ ಹೆಚ್ಚು ಹಾಜರಿಯ ಮಗುವಿಗೆ ಬಹುಮಾನ ಕೊಡಿಸೋಣ ಎಂದು ರುದ್ರಪ್ಪನವರಿಗೆ ಹೊಳೆದದ್ದು ಎರಡು ದಿನ ಮುಂಚೆ. ನಾನು ಪೋಲಿಯೊ ಹನಿಯ ವರದಿ ಬರೆಯುವುದರಲ್ಲಿ ಮುಳುಗಿದ್ದೆ. ಅವರೇ ಪುಸ್ತಕಗಳನ್ನು ಕೂಡಿ ನೋಡಿ ಹೆಸರು ಆರಿಸಿದರು. ಯಾರ ಹೆಸರು ಎಂದು ನಾನು ಕೇಳಲೂ ಇಲ್ಲ.

ಧ್ವಜ ಏರಿತು, ಭಾಷಣ ಆಯಿತು. ರುದ್ರಪ್ಪನವರು ಮೈಕಿನಲ್ಲಿ ಕೂಗಿದರು: "ಐದನೇ ತರಗತಿ, ಕುಮಾರಿ ನಾಗವೇಣಿ."

ವಾರಕ್ಕೆ ಎರಡು ದಿನ ಬಾರದವಳಿಗೆ ಹಾಜರಿಯ ಬಹುಮಾನ! ಆದರೆ ಲೆಕ್ಕ ಸರಿಯಾಗಿಯೇ ಇತ್ತು. ಬೇರೆ ಮಕ್ಕಳಿಗೆ ಜ್ವರ ಬಂದರೆ, ಊರಿಗೆ ಹೋದರೆ ಒಂದೊಂದು ಗೈರಾದರೂ ಬೀಳುತ್ತಿತ್ತು. ಅವಳದ್ದು ಒಪ್ಪಂದದ ಹಾಜರಿ. ಅದಕ್ಕೆ ಜ್ವರವೂ ಇಲ್ಲ, ಹಬ್ಬವೂ ಇಲ್ಲ.

ಅವಳು ಅವತ್ತು ಬಂದಿದ್ದಳು. ಸಾಲಿನ ಕೊನೆಯಲ್ಲಿ ನಿಂತು ಬಾವುಟವನ್ನೇ ನೋಡುತ್ತಿದ್ದಳು. ರುದ್ರಪ್ಪನವರು ಎರಡನೇ ಸಲ ಕೂಗಿದರು. ಮೂರನೇ ಸಲ ಕೂಗಿದಾಗ ಮೈಕು ಕೀಚ್ ಎಂದಿತು. ಮಕ್ಕಳು ತಿರುಗಿ ಅವಳನ್ನು ನೋಡಿ ಕಿಸಿಕಿಸಿ ನಗತೊಡಗಿದರು. ಎಲ್ಲರೂ ನಗುತ್ತಿರುವುದನ್ನು ಕಂಡು ಅವಳೂ ನಕ್ಕಳು.

"ದಿನಾ ಬರೋ ಹುಡುಗಿ ಅಂತೀರಿ, ಆಕೆಗೆ ತನ್ನ ಹೆಸರೇ ಗೊತ್ತಿಲ್ವಲ್ರೀ!" ಅಧಿಕಾರಿಗಳು ತಮಾಷೆಗೆ ಅಂದರು.

ನಾನು ಸಾಲಿನ ಹಿಂದಿನಿಂದ ನಡೆದುಹೋದೆ. ಒಂದು ಮಾರು ದೂರದಲ್ಲಿ ನಿಂತು "ನಾಗವೇಣಿ" ಅಂದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋದೆ. ಎಡಗಿವಿಯಲ್ಲಿ ಹಳದಿಗಟ್ಟಿದ ಹತ್ತಿ. ಅದರ ವಾಸನೆ. ಎಂಟು ತಿಂಗಳು ನನ್ನ ಕೋಣೆಯಲ್ಲಿ ಕೂತ ಮಗು. ಒಂದು ದಿನ ಹೆಸರು ಕೂಗಿದ್ದರೂ ಸಾಕಿತ್ತು, ನನಗೆ ತಿಳಿಯುತ್ತಿತ್ತು.

ಭುಜ ಹಿಡಿದು ವೇದಿಕೆಗೆ ಕರೆದೊಯ್ದೆ. ಬಹುಮಾನ ಒಂದು ಸ್ಟೀಲಿನ ಲೋಟ. ಎಲ್ಲರೂ ಚಪ್ಪಾಳೆ ಹೊಡೆದರು.

ಅವತ್ತೇ ಮಧ್ಯಾಹ್ನ ಅವರ ಮನೆ ಹುಡುಕಿಕೊಂಡು ಹೋದೆ. ಭಟ್ಟಿಯ ಹಿಂದೆ ಒಂದು ಕೋಣೆಯ ಮನೆ. ಹನುಮವ್ವ ಲೋಟವನ್ನು ಆಗಲೇ ಗೂಡಿನಲ್ಲಿ ಇಟ್ಟಿದ್ದಳು.

"ಬರ್ರಿ ಅಕ್ಕೋರೆ, ಕೂಡ್ರಿ."

"ಕಿವಿ ಎಷ್ಟು ದಿನದಿಂದ ಹಿಂಗೈತೆ?"

"ಎರಡು ವರ್ಷಾತ್ರಿ. ಸೋರ್ತೈತೆ, ನಿಲ್ತೈತೆ, ಮತ್ತೆ ಸೋರ್ತೈತೆ. ಬೆಳ್ಳುಳ್ಳಿ ಎಣ್ಣೆ ಕಾಸಿ ಬಿಡ್ತೀನಿ. ಪಕ್ಕದಾಗೆ ಕೂತ ಹುಡುಗ್ರು ವಾಸ್ನೆ ಅಂತಾರಂತೆ, ಕಿವುಡಿ ಅಂತಾರಂತೆ. ಅದಕ್ಕೇ ಒಲ್ಲೆ ಅಂತಾಳೆ."

"ನನಗ್ಯಾಕೆ ಹೇಳ್ಲಿಲ್ಲ ನೀನು?"

ಹನುಮವ್ವ ನನ್ನ ಮುಖವನ್ನೇ ನೋಡಿದಳು. "ನಿಮಗೆ ಗೊತ್ತೈತೆ ಅಂದ್ಕಂಡಿದ್ದೆ ಅಕ್ಕೋರೆ. ಗೊತ್ತಿದ್ದಕ್ಕೇ ಪಾಪ ಅಂತ ದಿನಾ ಹಾಜರಿ ಹಾಕ್ತೀರಿ ಅಂತ."

ನಾನು ಗೂಡಿನಲ್ಲಿದ್ದ ಲೋಟದ ಕಡೆ ನೋಡಿದೆ.

"ಈ ಐದನೇ ಕ್ಲಾಸು ಮುಗುದ್ರೆ ಬಿಡಿಸ್ತೀನ್ರಿ" ಅಂದಳು ಅವಳು. "ನಗಿಸ್ಕಳ್ಳಾಕೆ ಯಾಕ ಕಳಿಸ್ಲಿ?"

"ಬಿಡಿಸಬ್ಯಾಡ. ಎರಡು ತಿಂಗ್ಳು ನನಗೆ ಕೊಡು. ಆಸ್ಪತ್ರೆಗೆ ನಾ ಕರ್ಕಂಡು ಹೋಗ್ತೀನಿ. ಉಳಿದ ದಿನ ತಪ್ಪದೆ ಕಳಿಸು. ಆದ್ರೆ ಇನ್ಮ್ಯಾಲೆ ಬಂದ ದಿನ ಮಾತ್ರ ಹಾಜರಿ."

"ಅಕ್ಕಿ?"

"ಬಂದ್ರೆ ಬರ್ತೈತೆ. ಬರದಿದ್ರೆ ಇಲ್ಲ."

"ಇದೆಂಥ ವ್ಯಾಪಾರ ಅಕ್ಕೋರೆ? ಆವಾಗ ನಾಕು ದಿನ ಅಂದ್ರಿ, ಈಗ ಪೂರಾ ಅಂತೀರಿ."

"ಆವಾಗ ತಪ್ಪು ತೂಕ ಹಾಕಿದ್ದೆ. ಈಗ ಸರಿ ಮಾಡ್ತಿದೀನಿ."

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅಷ್ಟು ಸಾಕಿತ್ತು ನನಗೆ.

ಮಾರನೇ ದಿನ ಶಾಲೆ ಬಿಟ್ಟ ಮೇಲೆ ನಾಲ್ಕೂ ಜನ ಸ್ಟೋರ್ ರೂಮಿನ ಅಕ್ಕಿ ಮೂಟೆಗಳ ಮೇಲೆ ಕೂತೆವು. ನಡೆದದ್ದನ್ನು ಹೇಳಿದೆ. ಇನ್ನು ಮುಂದೆ ಹೆಸರು ಕೂಗಬೇಕು, ನಿಜ ಬರೆಯಬೇಕು ಅಂದೆ. ರುದ್ರಪ್ಪನವರ ಮುಖ ಬಿಳಿಚಿಕೊಂಡಿತು.

"ಹಾಜರಿ ಒಮ್ಮೆಲೇ ಬಿದ್ರೆ ಆಫೀಸಿನವ್ರು ಕೇಳ್ತಾರ್ರಿ. ಎಂಟು ತಿಂಗ್ಳ ಪುಸ್ತಕ ತೆಗೀತಾರೆ."

"ತೆಗೀಲಿ. ನನ್ ಪುಟದಾಗೆ ನನ್ ಕೈಬರಹನೇ ಐತೆ. ನಾನೇ ಹೋಗಿ ಹೇಳ್ತೀನಿ."

"ಹೆಸರು ಕೂಗೋದೇನೋ ಸರಿ ಅಕ್ಕಾ, ಆ ಹೊತ್ತು ಎಲ್ಲಿಂದ ತರೋಣ?" ಎಂದಳು ಜಬೀನಾ. ಅವಳ ಕೈಯಲ್ಲಿ ಮತದಾರರ ಪಟ್ಟಿಯ ಪರಿಷ್ಕರಣೆಯ ಕಾಗದ ಇತ್ತು. ನಾಲ್ಕೂ ಜನಕ್ಕೆ ಒಂದೊಂದು ಓಣಿ ಬಿದ್ದಿತ್ತು.

ಅಲ್ಲಿ ನನ್ನ ಚೌಕಾಸಿ ಶುರುವಾಯಿತು. ಅಲ್ಲಿಯವರೆಗೆ ಎಲ್ಲರೂ ಎಲ್ಲ ಕೆಲಸವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತ, ಯಾವುದನ್ನೂ ನೆಟ್ಟಗೆ ಮಾಡದೆ ಸಾಯುತ್ತಿದ್ದೆವು. ಶಾಲೆಗೆ ಬರುವ ಎಲ್ಲ ಪಟ್ಟಿಯನ್ನೂ ಹಾಲೇಶಪ್ಪ ಮೇಷ್ಟ್ರು ಒಬ್ಬರೇ ಬರೆಯಬೇಕು, ಬದಲಿಗೆ ಅವರಿಗೆ ಬೇಸರ ತರಿಸುವ ಆರನೇ ಕ್ಲಾಸಿನ ಗಣಿತ ನನಗೆ. ಅವರು ಕೇಳಿದ ತಕ್ಷಣ ಒಪ್ಪಿದರು, ಗಣಿತ ಕಂಡರೆ ಅವರಿಗೆ ಅಷ್ಟು ಭಯ. ಅಕ್ಕಿ ತೂಗುವುದು ರುದ್ರಪ್ಪನವರದು. ಬರುವ ಹೆಂಗಸರು ಹೆಡ್‌ಮಾಸ್ಟರ ಹತ್ತಿರ ಕಡಿಮೆ ಜಗಳ ಆಡುತ್ತಾರೆ. ಭಟ್ಟಿಯ ಕಡೆಯ ಓಣಿ ಜಬೀನಾದು ಆಗಿತ್ತು, ಅದನ್ನು ನಾನು ಇಟ್ಟುಕೊಂಡೆ. ಅವಳಿಗೆ ನನ್ನ ಓಣಿ. ಅಲ್ಲಿ ಹೆಚ್ಚಿನವರು ಉರ್ದು ಮಾತಾಡುವವರು, ಅವಳಿಗೆ ಅರ್ಧ ದಿನದ ಕೆಲಸ.

ಇನ್ನೊಂದು ಮಾತು ಸೇರಿಸಿದೆ. "ಮನೆಮನೆ ತಿರುಗೋ ಕೆಲಸ ಹೆಂಗೂ ಕೊಟ್ಟಾರೆ. ಓಟಿನ ಹೆಸರು ಬರ್ಕಂಡಾದ ಮ್ಯಾಲೆ ನಮ್ದೂ ಒಂದು ಪ್ರಶ್ನೆ ಕೇಳೋಣ. ಮಗು ಯಾಕೆ ಬರ್ತಿಲ್ಲ?"

ಈಗಿನ ಟೀಚರುಗಳಿಗೆ ನಾನು ಹೇಳುವುದು ಇದನ್ನೇ. ಹೊರಗಿನ ಕೆಲಸ ಬೇಡ ಎಂದು ಜಗಳ ಆಡಿ, ಆಡಲೇಬೇಕು. ಆದರೆ ಜಗಳ ಮುಗಿಯುವವರೆಗೆ ಆ ಕೆಲಸದ ಹೆಗಲ ಮೇಲೆ ನಿಮ್ಮ ಕೆಲಸವನ್ನೂ ಕೂರಿಸಿ. ಆ ಒಂದು ಪ್ರಶ್ನೆಯಿಂದ ಹತ್ತು ದಿನದಲ್ಲಿ, ಬೋರ್ಡು ಕಾಣದೆ ತಲೆನೋವು ಎನ್ನುತ್ತಿದ್ದ ಒಬ್ಬ ಹುಡುಗ ಸಿಕ್ಕಿದ. ತಾಯಿ ಬಾಣಂತನಕ್ಕೆ ಹೋಗಿದ್ದರಿಂದ ಬೆಳಿಗ್ಗೆ ಏನೂ ತಿನ್ನದೆ ಬರುತ್ತಿದ್ದ ಅಕ್ಕ ತಂಗಿ ಸಿಕ್ಕರು. ಇಬ್ಬರೂ ನನ್ನ ಕ್ಲಾಸಿನಲ್ಲಿ ತೂಕಡಿಸುವವರು. ಸೋಮಾರಿಗಳು ಎಂದು ಎಷ್ಟು ಸಲ ಗದರಿಸಿದ್ದೆನೋ.

ಗಣರಾಜ್ಯೋತ್ಸವಕ್ಕೆ ಬಂದಿದ್ದ ಅಧಿಕಾರಿಗಳ ಹತ್ತಿರವೂ ಹೋದೆ. ಎಲ್ಲ ಹೇಳಿದೆ. ಅವರು ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು.

"ಇದನ್ನ ನೀವು ಬರ್ಕೊಟ್ರೆ ನಾನು ಕ್ರಮ ತಗೋಬೇಕಾಗ್ತದೆ. ಬಾಯಲ್ಲಿ ಹೇಳಿದೀರಿ, ನಾನೂ ಬಾಯಲ್ಲೇ ಮುಗಿಸ್ತೀನಿ" ಎಂದು ಕಾಲು ಗಂಟೆ ಬೈದರು. ಎಂಟು ತಿಂಗಳ ಸುಳ್ಳಿಗೆ ಅದು ಹೆಚ್ಚೇನೂ ಅಲ್ಲ. ನಿಂತು ಕೇಳಿದೆ. ಉಸಿರು ತೆಗೆದುಕೊಳ್ಳಲು ಅವರು ನಿಲ್ಲಿಸಿದಾಗ ಅಂದೆ:

"ಬೈದಿದ್ದು ಆಯ್ತಲ್ಲ ಸರ್. ಇನ್ನೊಂದು ಕೇಳ್ತೀನಿ. ಮಂಗಳವಾರ ನನಗೆ ಕೊಡ್ರಿ."

ಪ್ರತಿ ವಾರ ಪಟ್ಟಿಗಳನ್ನು ದಾವಣಗೆರೆಗೆ ಮುಟ್ಟಿಸಲು ಶಾಲೆಗೊಬ್ಬರು ಹೋಗುತ್ತಿದ್ದರು. ನಮ್ಮ ಸುತ್ತಿನ ಐದು ಶಾಲೆಗಳ ಪಟ್ಟಿಯನ್ನೂ ನಾನೊಬ್ಬಳೇ ಒಯ್ಯುತ್ತೇನೆ, ನಾಲ್ಕು ಮಂದಿ ಮೇಷ್ಟ್ರ ದಿನ ಉಳಿಯುತ್ತದೆ, ನನಗೆ ಅದು ಕರ್ತವ್ಯದ ಮೇಲೆ ಹೋದ ದಿನ ಅಂತ ಆಗಬೇಕು.

"ನೀವು ಟೀಚರ್ ಆಗಿದ್ದು ತಪ್ಪಾಯ್ತು" ಎಂದು ನಕ್ಕರು. ಮಂಗಳವಾರ ಸಿಕ್ಕಿತು.

ಫೆಬ್ರವರಿಯ ನಾಲ್ಕು ಮಂಗಳವಾರ ನಾಗವೇಣಿ ನನ್ನ ಜೊತೆ ದಾವಣಗೆರೆ ಬಸ್ಸಿನಲ್ಲಿ. ಮೊದಲ ಸಲ ಕಿಟಕಿ ಬದಿ ಕೂತು, ತನಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದಳು. ಕಂಡಕ್ಟರು, ಮುಂದಿನ ಸೀಟಿನವರು ಎಲ್ಲ ತಿರುಗಿ ನೋಡುತ್ತಿದ್ದರು. "ಅಕ್ಕೋರೆ, ಇಷ್ಟು ಸೈಕಲ್ ಯಾಕ ಅದಾವ್ರಿ ಇಲ್ಲಿ?" ಎಂಬುದು ವಿದ್ಯಾನಗರದ ಕಾಲೇಜಿನ ಎದುರು ಕೇಳಿದ್ದು. ಮೊದಲು ಆಸ್ಪತ್ರೆಯ ಸಾಲಿನಲ್ಲಿ ಚೀಟಿ ಇಟ್ಟು, ಪಕ್ಕದವರಿಗೆ ಹೇಳಿ, ಕಚೇರಿಗೆ ಪಟ್ಟಿ ಕೊಟ್ಟು ಬರುವಷ್ಟರಲ್ಲಿ ನಮ್ಮ ಸರದಿ. ಸಾಲಿನಲ್ಲಿ ಸುಮ್ಮನೆ ನಿಲ್ಲುವ ಚಟ ನನಗಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಿವಿಯನ್ನು ಸ್ವಚ್ಛ ಮಾಡಿ, ಹನಿ ಬರೆದುಕೊಟ್ಟು, "ಎಣ್ಣೆ ನಿಲ್ಲಿಸ್ರಿ, ನೀರು ತಾಗಿಸಬ್ಯಾಡ್ರಿ" ಅಂದರು. ಎಡಗಿವಿಯ ತಮಟೆ ತೂತಾಗಿದೆ, ದೊಡ್ಡವಳಾದ ಮೇಲೆ ಆಪರೇಷನ್ ನೋಡೋಣ. ಬಲಗಿವಿ ಒಣಗಿದರೆ ಕೇಳುತ್ತದೆ. "ಆಗಸ್ಟ್‌ನಾಗೇ ತೋರಿಸಿದ್ರೆ ಎಡಗಿವಿನೂ ಇಷ್ಟು ಕೆಡ್ತಿರಲಿಲ್ಲ" ಎಂದರು. ಆಗಸ್ಟ್ ಎಂದು ಅವರು ಯಾಕೆ ಅಂದರೋ, ಶಾಲೆಗಳಿಗೆ ತಂಡ ಹೋಗಿದ್ದು ಗೊತ್ತಿತ್ತೇನೋ. ಆ "ಇಲ್ಲ" ಎಂಬ ಮುತ್ತಿನಂಥ ಅಕ್ಷರ ಕಣ್ಣ ಮುಂದೆ ಬಂತು.

ಶಾಲೆಯಲ್ಲಿ ಅವಳನ್ನು ಮುಂದಿನ ಸಾಲಿಗೆ ತಂದೆ. ಬಲಗಿವಿ ನನ್ನ ಕಡೆ ಬರುವಂತೆ ಜಾಗ. ಎಂಬತ್ತೊಂದು ಹೆಸರನ್ನೂ ದಿನಾ ಕೂಗಿದೆ. ಅವಳ ಹೆಸರು ಬಂದಾಗ ಪಕ್ಕದ ಹುಡುಗಿ ಮೊಣಕೈಯಿಂದ ತಿವಿಯುವಳು, ಇವಳು ಎದ್ದು ನಿಲ್ಲುವಳು.

ಮಂಗಳವಾರ ನನ್ನ ಜೊತೆಗೇ ಇರುತ್ತಾಳಲ್ಲ, ಗೆರೆ ಎಳೆದುಬಿಡಿ ಎಂದು ರುದ್ರಪ್ಪನವರು ಎಷ್ಟು ಹೇಳಿದರೂ ಗೈರು ಎಂದೇ ಬರೆದೆ. ಒಮ್ಮೆ ಸಡಿಲ ಬಿಟ್ಟರೆ ನನ್ನ ಕೈ ನನಗೆ ಗೊತ್ತು. ಆ ತಿಂಗಳು ಶಾಲೆ ನಡೆದದ್ದು ಇಪ್ಪತ್ತನಾಲ್ಕು ದಿನ. ಅಕ್ಕಿಗೆ ಇಪ್ಪತ್ತು ದಿನ ಬೇಕು. ನಾಲ್ಕು ಮಂಗಳವಾರ ಕಳೆದರೆ ಉಳಿಯುವುದು ಸರಿಯಾಗಿ ಇಪ್ಪತ್ತು. ಒಂದು ದಿನ ತಪ್ಪಿದರೆ ಇಲ್ಲ. ಹತ್ತೊಂಬತ್ತು ದಿನ ತಪ್ಪದೆ ಬಂದಳು. ಕೊನೆಯ ಶನಿವಾರ ಬೆಳಗಿನ ಶಾಲೆ, ಹಾಜರಿ ಆದ ಮೇಲೆ ಪ್ರಾರ್ಥನೆ. ಗಂಟೆ ಹೊಡೆಯಿತು, ಅವಳಿಲ್ಲ.

ಅವಳ ಹೆಸರು ಕೂಗಿದೆ. ಸದ್ದಿಲ್ಲ. ಮುಂದಿನ ಹೆಸರಿಗೆ ಹೋದೆ, ಕೊನೆಯವರೆಗೂ ಕೂಗಿದೆ. ಬಾಗಿಲಲ್ಲಿ ನಿಂತಿದ್ದ ರುದ್ರಪ್ಪನವರು ಮೆಲ್ಲಗೆ ಅಂದರು, "ಒಂದು ಗೆರೆ ಅಲ್ವೇನ್ರೀ. ಆ ಹೆಣ್ಣುಮಗಳು ಅಕ್ಕಿ ಇಲ್ಲಾಂದ್ರೆ ಮತ್ತೆ ಕಳಿಸ್ತಾಳಾ? ಇಷ್ಟು ಮಾಡಿದ್ದೆಲ್ಲ ನೀರಾಗೆ ಹೋಗ್ತೈತೆ."

ಅವರು ಹೇಳಿದ್ದು ನಿಜವೇ. ಪೆನ್ನು ಪುಸ್ತಕದಲ್ಲಿ ಅವಳ ಹೆಸರಿನೆದುರಿನ ಖಾಲಿ ಚೌಕದ ಮೇಲೆಯೇ ಇತ್ತು. ಎಳೆಯಲಿಲ್ಲ. ಗೈರು ಎಂದೂ ಬರೆಯಲಿಲ್ಲ. "ಪ್ರಾರ್ಥನೆ ಮುಗೀಲಿ ಸರ್" ಅಂದೆ.

ಪ್ರಾರ್ಥನೆಯ ನಡುವೆ ಗೇಟು ಕಿರುಗುಟ್ಟಿತು. ಮುಂದೆ ನಾಗವೇಣಿ, ಹಿಂದೆ ಮೊಣಕೈವರೆಗೆ ಕೆಂಪು ಮಣ್ಣು ಮೆತ್ತಿದ ಹನುಮವ್ವ. ಹನಿಯ ಬಾಟಲಿ ಖಾಲಿಯಾಗಿತ್ತಂತೆ, ಅಂಗಡಿ ತೆರೆಯುವವರೆಗೆ ಕಾಯಬೇಕಾಯಿತಂತೆ.

"ಬರ್ಕಳ್ರಿ ಅಕ್ಕೋರೆ" ಎಂದಳು ಹನುಮವ್ವ ಎಲ್ಲರೆದುರು. "ಇಪ್ಪತ್ತಾತು. ನಾನೂ ಲೆಕ್ಕ ಇಟ್ಟೀನಿ."

ಆ ತಿಂಗಳು ನಮ್ಮ ಶಾಲೆಯ ಹಾಜರಿ ಬಿದ್ದದ್ದು ನಿಜ. ಅಕ್ಕಿ ತಪ್ಪಿದ ಮೂವರು ತಾಯಂದಿರು ರುದ್ರಪ್ಪನವರಿಗೆ ಹಿಡಿಶಾಪ ಹಾಕಿದ್ದೂ ನಿಜ. ಆ ಮೂರೂ ಮನೆಗೆ ನಾವು ಅದೇ ವಾರ ಹೋದೆವು. ಮಾರ್ಚ್‌ನಲ್ಲಿ ಅವರಲ್ಲಿ ಇಬ್ಬರ ಮಕ್ಕಳು ಪೂರಾ ಬಂದರು. ಒಬ್ಬನನ್ನು ತರಲಾಗಲಿಲ್ಲ. ಅವನ ಮನೆಯವರು ಊರೇ ಬಿಟ್ಟಿದ್ದರು.

ಏಪ್ರಿಲ್. ಬೇಸಿಗೆ ರಜೆಗೆ ಬಿಡುವ ದಿನ. ಬೆಳಿಗ್ಗೆಯೇ ಬಿಸಿಲು ಏರಿತ್ತು. ಹಾಜರಿ ಪುಸ್ತಕ ಹಿಡಿದು ಬಾಗಿಲಿಗೆ ಹೋಗಿ, ಮಕ್ಕಳ ಕಡೆ ಬೆನ್ನು ಮಾಡಿ, ಅಂಗಳ ನೋಡುತ್ತ ನಿಂತೆ. ನನ್ನ ತುಟಿ ಯಾರಿಗೂ ಕಾಣಬಾರದು. ಪಕ್ಕದ ಹುಡುಗಿಗೆ ತಿವಿಯಬೇಡ ಎಂದು ಮೊದಲೇ ಹೇಳಿದ್ದೆ. ದಿನಾ ಕೂಗುವ ದನಿಯಲ್ಲೇ ಶುರು ಮಾಡಿದೆ. ಒಬ್ಬೊಬ್ಬರಾಗಿ "ಬಂದೀನ್ರಿ" ಎನ್ನುತ್ತ ಹೋದರು. ಅವಳ ಹೆಸರಿನ ಹಿಂದಿನ ಹೆಸರು ಬಂದಾಗ ಕೋಣೆಯೆಲ್ಲ ಮೌನವಾಯಿತು. ಮಕ್ಕಳಿಗೆ ಎಲ್ಲ ತಿಳಿಯುತ್ತದೆ.

"ನಾಗವೇಣಿ."

"ಬಂದೀನ್ರಿ ಅಕ್ಕೋರೆ."

ನಾನು ತಿರುಗಲಿಲ್ಲ. ಮುಂದಿನ ಹೆಸರನ್ನೂ ಕೂಗಲಿಲ್ಲ. ಅಂಗಳದ ಬೇವಿನ ಮರ ಕಣ್ಣಲ್ಲಿ ಮಂಜಾಯಿತು. ನಾನು ಸುಮ್ಮನೆ ನಿಂತದ್ದನ್ನು ಕಂಡು ಹಿಂದಿನಿಂದ ಇನ್ನೂ ಜೋರಾಗಿ ಬಂತು ಆ ದನಿ, ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುವಂತೆ ಮಾಡುತ್ತಿದ್ದ ಅದೇ ದನಿ:

"ಬಂದೀನಿ ಅಂದ್ನಲ್ರಿ ಅಕ್ಕೋರೆ! ನಿಮಗೆ ಕೇಳ್ಸಲಿಲ್ಲೇನ್ರಿ?"